ರೋಟರಿ ಕ್ಲಬ್ಬಿನ ವಾರದ ಸಭೆ ಮತ್ತು ಸೇವಾ ಕೆಲಸ: ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್ಬಿಗೆ ಸೇರುವ ಯೋಚನೆ ಇರುವವರು, ಸೇರದೆ ಕೆಲಸಕ್ಕೆ ಮಾತ್ರ ಬರುವವರು, "ನಮ್ಮೂರಲ್ಲೂ ಒಂದು ಶಿಬಿರ ಮಾಡಿ" ಎಂದು ಮನವಿ ಹಿಡಿದು ಬರುವ ಶಾಲೆ, ಯುವಕ ಮಂಡಲ, ಭಜನಾ ಮಂಡಳಿಯವರು: ಈ ಮೂರು ಬಗೆಯವರು ಕೇಳುವ ಪ್ರಶ್ನೆಗಳನ್ನು ಒಟ್ಟಿಗೆ ಹಾಕಿದ್ದೇವೆ. ಬರೆದದ್ದು ಉಡುಪಿಯ ರೂಢಿ ನೋಡಿ. ಮಂಗಳೂರಿನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ.

ಸದಸ್ಯನಲ್ಲದವರು ವಾರದ ಸಭೆಗೆ ಬರಬಹುದೇ?

ಧಾರಾಳವಾಗಿ ಬನ್ನಿ. ಹಿಂದಿನ ದಿನ ಸಂಜೆಯೊಳಗೆ ಕಾರ್ಯದರ್ಶಿಗೆ ಒಂದು ಮಾತು ತಿಳಿಸಿದರೆ ಸಾಕು. ಸಭೆಯ ಕೊನೆಗೆ ಊಟ ಇರುತ್ತದೆ, ಎಲೆ ಎಷ್ಟು ಎಂದು ಅಡುಗೆಯವರಿಗೆ ಮುಂಚೆ ಹೇಳಬೇಕಾಗುತ್ತದೆ. ಬಾಗಿಲಲ್ಲೇ ಹೆಸರು ಬರೆಸಿ. ಸಭೆಯಲ್ಲಿ ನಿಮ್ಮನ್ನು ಪರಿಚಯಿಸುವಾಗ ಎದ್ದು ನಿಂತು ನಮಸ್ಕಾರ ಹೇಳಿದರೆ ಆಯಿತು, ಭಾಷಣ ಮಾಡಬೇಕಿಲ್ಲ. ಟೈ, ಕೋಟು ಬೇಡ.

ಸಭೆಯಲ್ಲಿ ಏನೇನು ನಡೆಯುತ್ತದೆ? ಎಷ್ಟು ಹೊತ್ತು?

ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಅಧ್ಯಕ್ಷರು ಗಂಟೆ ಬಾರಿಸಿದ ಮೇಲೆ ಪ್ರಾರ್ಥನೆ, ಚತುರ್ವಿಧ ಪರೀಕ್ಷೆಯ ವಾಚನ, ಅತಿಥಿಗಳ ಪರಿಚಯ, ಆ ವಾರ ಹುಟ್ಟುಹಬ್ಬ ಮತ್ತು ಮದುವೆಯ ವಾರ್ಷಿಕೋತ್ಸವ ಇರುವವರಿಗೆ ಶುಭಾಶಯ, ಕಾರ್ಯದರ್ಶಿಯ ವರದಿ, ಅತಿಥಿಯ ಮಾತು, ಧನ್ಯವಾದ, ರಾಷ್ಟ್ರಗೀತೆ. ಕುರ್ಚಿ, ಮೈಕು, ಗಂಟೆ, ಬ್ಯಾನರು, ಸಮಯ ಪಾಲನೆ ಎಲ್ಲವೂ ದಂಡಪಾಣಿಯ ಜವಾಬ್ದಾರಿ. ಸಾರ್ಜೆಂಟ್ ಎಟ್ ಆರ್ಮ್ಸ್ ಹುದ್ದೆಗೆ ನಮ್ಮ ಕಡೆ ಹಾಗೆಯೇ ಹೇಳುವುದು.

ಚತುರ್ವಿಧ ಪರೀಕ್ಷೆ ಎಂದರೆ ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಒಡ್ಡಿಕೊಳ್ಳುವ ನಾಲ್ಕು ಪ್ರಶ್ನೆ: ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಇದರಿಂದ ಸ್ನೇಹ ಬೆಳೆಯುತ್ತದೆಯೇ, ಎಲ್ಲರಿಗೂ ಹಿತವೇ. 1932ರಲ್ಲಿ ಹರ್ಬರ್ಟ್ ಟೇಲರ್ ದಿವಾಳಿಯ ಅಂಚಿನಲ್ಲಿದ್ದ ಕಂಪನಿಯೊಂದನ್ನು ನಡೆಸಲು ಹೊರಟಾಗ ಮಾಡಿಕೊಂಡದ್ದು. ಪ್ರತಿ ವಾರ ಓದುವುದು ಬರೀ ಶಾಸ್ತ್ರಕ್ಕಲ್ಲ. ಎರಡು ಹಳ್ಳಿಗಳಿಂದ ಮನವಿ ಬಂದು ಹಣ ಒಂದಕ್ಕೆ ಮಾತ್ರ ಇದ್ದಾಗ ಈ ನಾಲ್ಕು ಪ್ರಶ್ನೆ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ.

ಸಭೆ ಎಳೆಯುವುದು ಸಾಮಾನ್ಯವಾಗಿ ಅತಿಥಿಯ ಪರಿಚಯದಲ್ಲಿ. ಕಳುಹಿಸಿದ ಎರಡು ಪುಟದ ಪರಿಚಯವನ್ನು ಇಡೀ ಓದಿದರೆ ಅತಿಥಿಯ ಮಾತಿಗೇ ಸಮಯ ಉಳಿಯುವುದಿಲ್ಲ. ಪರಿಚಯ 2 ನಿಮಿಷ, ಮಾತು 20 ನಿಮಿಷ, ಪ್ರಶ್ನೋತ್ತರ 10 ನಿಮಿಷ. ಇದನ್ನು ಅತಿಥಿಯನ್ನು ಕರೆಯುವ ದಿನವೇ ಹೇಳಬೇಕು, ವೇದಿಕೆಯಲ್ಲಿ ಚೀಟಿ ಕೊಟ್ಟು ಅಲ್ಲ.

ಪ್ರತಿ ವಾರ ಯಾಕೆ? ತಿಂಗಳಿಗೊಮ್ಮೆ ಸೇರಿದರೆ ಸಾಲದೇ?

ನಿಯಮ ಕೇಳಿದರೆ, 2016ರಿಂದ ಕ್ಲಬ್ಬುಗಳಿಗೆ ಸಡಿಲಿಕೆ ಇದೆ: ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆದರೆ ಸಾಕು. ಹಾಗಿದ್ದೂ ವಾರದ ಸಭೆಯನ್ನು ಬಿಡಬಾರದು ಎಂಬುದೇ ನಮ್ಮ ಅಭಿಪ್ರಾಯ. ಸೇವಾ ಕೆಲಸ ಹಣವಿಲ್ಲದೆ ಕೆಡುವುದು ಕಡಿಮೆ. ಕೆಡುವುದು ಯಾರು ಏನು ಮಾಡಬೇಕು ಎಂದು ಗೊತ್ತಿಲ್ಲದೆ. "ನಾವೆಲ್ಲ ಸೇರಿ ನೋಡಿಕೊಳ್ಳೋಣ" ಎಂದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಆಸ್ಪತ್ರೆಗೆ ಪತ್ರ ಕೊಡುವವರು ಯಾರು, ಪಂಚಾಯತ್ ಕಚೇರಿಗೆ ಹೋಗುವವರು ಯಾರು, ಯಾವ ದಿನದೊಳಗೆ ಎಂಬುದು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆದಿರಬೇಕು. ಮುಂದಿನ ವಾರ ಅದೇ ಸಾಲನ್ನು ಓದಿ "ಆಯಿತೇ?" ಎಂದು ಕೇಳಬೇಕು. ಏಳು ದಿನಕ್ಕೆ ಕೇಳಿದರೆ ತಪ್ಪಿದ್ದನ್ನು ಸರಿಮಾಡಲು ಸಮಯ ಇರುತ್ತದೆ. ಮೂವತ್ತು ದಿನಕ್ಕೆ ಕೇಳಿದರೆ ಶಿಬಿರವೇ ಮುಗಿದಿರುತ್ತದೆ.

ವಾಟ್ಸಾಪ್ ಗುಂಪು ಇದಕ್ಕೆ ಬದಲಿ ಅಲ್ಲ. ಅಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಒಪ್ಪಿಕೊಂಡಂತೆ ಕಾಣುತ್ತದೆ, ಹೆಸರು ಯಾರ ಮೇಲೂ ಬೀಳುವುದಿಲ್ಲ.

ಹಾಜರಾತಿ ಕಡ್ಡಾಯವೇ? ಅಂಗಡಿ, ಕ್ಲಿನಿಕ್ ಬಿಟ್ಟು ಪ್ರತಿ ವಾರ ಬರಲು ಆಗದಿದ್ದರೆ?

ತಪ್ಪಿದ ಸಭೆಯನ್ನು ತುಂಬಿಸಿಕೊಳ್ಳಲು ದಾರಿ ಇದೆ, ಅದಕ್ಕೆ ಮೇಕಪ್ ಎನ್ನುತ್ತಾರೆ. ಬೇರೆ ಯಾವುದೇ ರೋಟರಿ ಕ್ಲಬ್ಬಿನ ಸಭೆಗೆ ಹೋಗಬಹುದು, ಮುಂಬೈಯಲ್ಲಿರಲಿ ದುಬೈಯಲ್ಲಿರಲಿ. ಕ್ಲಬ್ಬಿನ ಸೇವಾ ಕೆಲಸದಲ್ಲಿ ಪಾಲ್ಗೊಂಡದ್ದೂ ಲೆಕ್ಕಕ್ಕೆ ಬರುತ್ತದೆ. ಹೋಗಿ ಬಂದದ್ದನ್ನು ಕಾರ್ಯದರ್ಶಿಗೆ ತಿಳಿಸದಿದ್ದರೆ ಮಾತ್ರ ದಾಖಲಾಗುವುದಿಲ್ಲ.

ಸೇರಲು ಏನು ಮಾಡಬೇಕು? ಖರ್ಚು ಎಷ್ಟು ಬರುತ್ತದೆ?

ಅರ್ಜಿ ತುಂಬಿ ಕಳುಹಿಸಿ ಸೇರುವ ಪದ್ಧತಿ ಇಲ್ಲ. ಸದಸ್ಯರೊಬ್ಬರು ನಿಮ್ಮ ಹೆಸರು ಸೂಚಿಸಬೇಕು, ಆಡಳಿತ ಮಂಡಳಿ ಒಪ್ಪಬೇಕು. ಪರಿಚಯದವರು ಯಾರೂ ಇಲ್ಲದಿದ್ದರೆ ಒಂದೆರಡು ತಿಂಗಳು ಅತಿಥಿಯಾಗಿ ಸಭೆಗೆ, ಒಂದೆರಡು ಬಾರಿ ಕೆಲಸಕ್ಕೆ ಬನ್ನಿ, ಸೂಚಕರು ತಾವಾಗಿ ಸಿಗುತ್ತಾರೆ. ಬೇರೆ ಬೇರೆ ವೃತ್ತಿಯವರು ಒಂದೇ ಕ್ಲಬ್ಬಿನಲ್ಲಿರಬೇಕು ಎಂಬುದು 1905ರಲ್ಲಿ ಶಿಕಾಗೊದಲ್ಲಿ ಪೌಲ್ ಹ್ಯಾರಿಸ್ ಮೊದಲ ಕ್ಲಬ್ ಕಟ್ಟಿದಾಗಿನಿಂದ ಬಂದ ಕ್ರಮ. ಊರಿನ ಕೆಲಸದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದು ಶಾಲೆಯ ಶೌಚಾಲಯ ರಿಪೇರಿಗೆ ಸಿವಿಲ್ ಇಂಜಿನಿಯರ್, ಹಾರ್ಡ್‌ವೇರ್ ಅಂಗಡಿಯವರು, ಲೆಕ್ಕ ಬರೆಯುವವರು ಮೂವರೂ ಬೇಕು.

ಖರ್ಚು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಅಂತಾರಾಷ್ಟ್ರೀಯ ಸಂಸ್ಥೆಯ ಸದಸ್ಯತ್ವ ಶುಲ್ಕ ಜುಲೈ ಮತ್ತು ಜನವರಿಯಲ್ಲಿ ಎರಡು ಕಂತಾಗಿ ಬರುತ್ತದೆ, ಡಾಲರ್ ಲೆಕ್ಕದಲ್ಲಿ. ಅದರ ಮೇಲೆ ಜಿಲ್ಲೆಯ ಶುಲ್ಕ, ಕ್ಲಬ್ಬಿನ ಶುಲ್ಕ, ಊಟದ ಖರ್ಚು. ಪದಗ್ರಹಣ, ಜಿಲ್ಲಾ ಸಮ್ಮೇಳನ, ಕುಟುಂಬ ಪ್ರವಾಸಗಳ ವಂತಿಗೆ ಬೇರೆ. ಸೇರುವ ಮುನ್ನವೇ "ವರ್ಷಕ್ಕೆ ಒಟ್ಟು ಎಷ್ಟು?" ಎಂದು ಮುಲಾಜಿಲ್ಲದೆ ಕೇಳಿ. ಕೇಳದೆ ಸೇರಿ ಆರು ತಿಂಗಳಲ್ಲಿ ಬಿಡುವುದು ಇಬ್ಬರಿಗೂ ಬೇಸರ.

ರೋಟರಿ ವರ್ಷ ಜುಲೈ 1ರಿಂದ ಜೂನ್ 30. ರೋಟರಿ ಜಿಲ್ಲೆಗೂ ಕಂದಾಯ ಜಿಲ್ಲೆಗೂ ಸಂಬಂಧವಿಲ್ಲ: ಉಡುಪಿ ಬರುವುದು ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಜತೆ 3182ನೇ ರೋಟರಿ ಜಿಲ್ಲೆಯಲ್ಲಿ, ಮಂಗಳೂರು ಬರುವುದು ಮೈಸೂರು, ಕೊಡಗು, ಚಾಮರಾಜನಗರದ ಜತೆ 3181ರಲ್ಲಿ.

ಮಹಿಳೆಯರು? ವಿದ್ಯಾರ್ಥಿಗಳು?

1989ರಿಂದ ಮಹಿಳೆಯರಿಗೆ ಪೂರ್ಣ ಸದಸ್ಯತ್ವವಿದೆ. 12ರಿಂದ 18 ವರ್ಷದವರಿಗೆ ಇಂಟರಾಕ್ಟ್ ಕ್ಲಬ್, 18 ದಾಟಿದವರಿಗೆ ರೋಟರಾಕ್ಟ್ ಕ್ಲಬ್.

ಸದಸ್ಯತ್ವ ಬೇಡ, ಕೆಲಸಕ್ಕೆ ಮಾತ್ರ ಬರುತ್ತೇನೆ. ಆಗುತ್ತದೆಯೇ?

ಆಗುತ್ತದೆ. ನಿಮ್ಮ ಫೋನ್ ನಂಬರು, ಯಾವ ದಿನ ಬಿಡುವು, ಏನು ಬರುತ್ತದೆ ಎಂದು ಬರೆಸಿ. "ಏನೂ ಬರುವುದಿಲ್ಲ" ಎನ್ನುವವರಿಗೂ ಕೆಲಸ ಇದೆ. ತುಳು, ಕೊಂಕಣಿ, ಬ್ಯಾರಿ ಮಾತನಾಡುವವರು ವೈದ್ಯಕೀಯ ಶಿಬಿರದಲ್ಲಿ ಬಹಳ ಬೇಕಾಗುತ್ತಾರೆ. ಅಜ್ಜಿಯೊಬ್ಬರು ತನಗೇನಾಗುತ್ತದೆ ಎಂದು ಹೊರಗಿನಿಂದ ಬಂದ ವೈದ್ಯರಿಗೆ ಕನ್ನಡದಲ್ಲಿ ಹೇಳಲು ತಡವರಿಸುತ್ತಾರೆ, ತುಳುವಿನಲ್ಲಿ ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ.

ರಕ್ತದಾನ ಶಿಬಿರ ಮಾಡಬೇಕು. ಎಲ್ಲಿಂದ ಶುರು ಮಾಡುವುದು?

ತಾರೀಕಿನಿಂದ. ಆಗಸ್ಟ್ 15, ಅಕ್ಟೋಬರ್ 2, ನಾಯಕರ ಹುಟ್ಟುಹಬ್ಬ ಎಂದು ಎಲ್ಲರೂ ಒಂದೇ ದಿನ ಶಿಬಿರ ಇಡುತ್ತಾರೆ. ಆ ವಾರ ರಕ್ತನಿಧಿಯ ಫ್ರಿಜ್ ತುಂಬುತ್ತದೆ, ಆದರೆ ಸಾಮಾನ್ಯ ಚೀಲದಲ್ಲಿ ಸಂಗ್ರಹಿಸಿದ ಪೂರ್ಣ ರಕ್ತ ಇಡಲು ಬರುವುದು 35 ದಿನ ಮಾತ್ರ. ನಮ್ಮ ಕಡೆ ನಿಜವಾದ ಕೊರತೆ ಏಪ್ರಿಲ್, ಮೇ ತಿಂಗಳಲ್ಲಿ: ಮಣಿಪಾಲ, ಮಂಗಳೂರಿನ ಕಾಲೇಜುಗಳಿಗೆ ರಜೆ, ಊರಲ್ಲಿ ಮದುವೆ, ನೇಮ, ಬ್ರಹ್ಮಕಲಶ. ಎರಡನೆಯ ಕೊರತೆ ಮಳೆಗಾಲದ ಡೆಂಗಿ ಸಮಯದಲ್ಲಿ ಪ್ಲೇಟ್‌ಲೆಟ್‌ಗೆ. ಪ್ಲೇಟ್‌ಲೆಟ್ ಉಳಿಯುವುದು 5 ದಿನ. ಮುಂಚಿತವಾಗಿ ಕೂಡಿಡಲು ಬರುವುದೇ ಇಲ್ಲ. ಆದ್ದರಿಂದ ಇನ್ನೂರು ಜನರ ಒಂದು ದೊಡ್ಡ ಶಿಬಿರಕ್ಕಿಂತ ಐವತ್ತು ಜನರ ನಾಲ್ಕು ಶಿಬಿರ ಮೇಲು. ರಕ್ತನಿಧಿಯವರನ್ನೇ ಕೇಳಿ ತಾರೀಕು ಇಡಿ. ಆಟಿ ತಿಂಗಳಲ್ಲಿ (ತುಳು ಲೆಕ್ಕದ ಜುಲೈ-ಆಗಸ್ಟ್) ಮದುವೆ ಇಲ್ಲದ ಕಾರಣ ಹಾಲ್ ಸುಲಭವಾಗಿ ಸಿಗುತ್ತದೆ ಎಂಬುದೂ ನೆನಪಿರಲಿ.

ಸಂಕ್ರಮಣ, ಏಕಾದಶಿ, ರಂಜಾನ್ ದಿನಗಳನ್ನು ಬಿಡಿ. ಉಪವಾಸದಲ್ಲಿರುವವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ.

ಮಂಚದ ಲೆಕ್ಕ ಹೀಗೆ: ಮಲಗಿ, ರಕ್ತ ಕೊಟ್ಟು, ಏಳುವವರೆಗೆ ಒಬ್ಬರಿಗೆ 15 ನಿಮಿಷ ಹಿಡಿಯಿರಿ. ನಾಲ್ಕು ಮಂಚ ಇದ್ದರೆ ಗಂಟೆಗೆ 16 ಜನ. ಬೆಳಿಗ್ಗೆ 9ರಿಂದ 1ರವರೆಗೆ 60 ಜನ ಆಗುತ್ತಾರೆ. 150 ಜನರನ್ನು ಒಟ್ಟಿಗೆ ಕರೆದರೆ ಅರ್ಧದಷ್ಟು ಜನ ಕಾದು ಕಾದು ಹೋಗುತ್ತಾರೆ, ಮುಂದಿನ ಸಲ ಬರುವುದೂ ಇಲ್ಲ. ಗಂಟೆಗೆ ಇಷ್ಟು ಎಂದು ಹೆಸರು ಹಂಚಿ ಕರೆಯಿರಿ.

ಯಾರು ರಕ್ತ ಕೊಡಬಹುದು?

18ರಿಂದ 65 ವರ್ಷ (ಮೊದಲ ಬಾರಿ ಕೊಡುವವರಿಗೆ 60ರೊಳಗೆ), ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಬೇಕು. 450 ಮಿಲಿಲೀಟರ್ ಚೀಲವಾದರೆ ತೂಕ 55 ಕಿಲೋ ದಾಟಿರಬೇಕು, ಇಲ್ಲದಿದ್ದರೆ 350. ಹಚ್ಚೆ ಹಾಕಿಸಿಕೊಂಡು ಒಂದು ವರ್ಷ ಆಗಿರಬೇಕು. ಮಲೇರಿಯಾ ಬಂದು ಗುಣವಾಗಿ 3 ತಿಂಗಳು, ಡೆಂಗಿಯಾದರೆ 6 ತಿಂಗಳು ಕಾಯಬೇಕು. ಮಂಗಳೂರು ಕಡೆಯಿಂದ ಬಂದವರಲ್ಲಿ ಮಲೇರಿಯಾ ವಿಷಯವನ್ನು ಮರೆಯದೆ ಕೇಳಿ. ಕೊನೆಯ ಮಾತು ರಕ್ತನಿಧಿಯ ವೈದ್ಯರದ್ದು. "ನಮ್ಮ ಅಧ್ಯಕ್ಷರೇ, ಸ್ವಲ್ಪ ನೋಡಿ" ಎಂದು ಅವರ ಮೇಲೆ ಒತ್ತಡ ಹಾಕುವುದು ದೊಡ್ಡ ತಪ್ಪು. ಆ ರಕ್ತ ಹೋಗುವುದು ಹೆರಿಗೆ ಮಂಚದ ಮೇಲಿರುವ ಹೆಣ್ಣುಮಗಳಿಗೋ ಶಸ್ತ್ರಚಿಕಿತ್ಸೆಗೆ ಕಾದಿರುವವರಿಗೋ.

ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸು ಹೋಗುವವರಲ್ಲಿ ಹೆಂಗಸರೇ ಹೆಚ್ಚು. "ಆಗುವುದಿಲ್ಲ" ಎಂದಷ್ಟೇ ಹೇಳಿ ಕಳುಹಿಸಬೇಡಿ. ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಟ್ಟು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳಿ, ಹೋದರೇ ಎಂದು ಆಮೇಲೆ ಫೋನ್ ಮಾಡಿ ವಿಚಾರಿಸಿ. ರಕ್ತ ಕೊಡಲಾಗದೆ ಹೋದವರಿಗೂ ಶಿಬಿರದಿಂದ ಉಪಕಾರ ಆಗುವುದು ಇಲ್ಲೇ.

ಶಿಬಿರದಲ್ಲಿ ಜನ ತಲೆತಿರುಗಿ ಬೀಳುವುದು ಯಾಕೆ?

ಬಹುತೇಕ ಮೂರು ಕಾರಣ: ಬೆಳಿಗ್ಗೆ ತಿಂಡಿ ತಿಂದಿಲ್ಲ, ನಿದ್ದೆಯಾಗಿಲ್ಲ, ಎದ್ದ ತಕ್ಷಣ ಬೈಕ್ ಹತ್ತಿದ್ದಾರೆ. ರಾತ್ರಿಯಿಡೀ ಯಕ್ಷಗಾನ ನೋಡಿ ಸೀದಾ ಬಂದವರನ್ನು ಇನ್ನೊಂದು ದಿನಕ್ಕೆ ಕರೆಯಿರಿ. ತಿಂಡಿಯ ಮೇಜು ಮಂಚಗಳು ಕಾಣುವಷ್ಟು ಹತ್ತಿರ ಇರಲಿ, ಒಬ್ಬ ಸ್ವಯಂಸೇವಕ ಅಲ್ಲೇ ನಿಂತು ಪ್ರತಿಯೊಬ್ಬರನ್ನೂ 15 ನಿಮಿಷ ಕೂರಿಸಲಿ. ಬೊಂಡ (ಎಳನೀರು), ಶರಬತ್ತು, ಬನ್ಸ್, ಬಾಳೆಹಣ್ಣು ಸಾಕು. ಎರಡನೆಯ ಮಹಡಿಯ ಹಾಲ್ ಬೇಡ, ಬೀಳುವುದು ಹೆಚ್ಚಾಗಿ ಮೆಟ್ಟಿಲಲ್ಲಿ.

ಬೀಚ್ ಸ್ವಚ್ಛತೆಗೆ ಯಾವಾಗ ಹೋಗಬೇಕು, ಏನು ತರಬೇಕು?

ಮಲ್ಪೆ, ಕಾಪು, ಪಡುಕರೆ ಎಲ್ಲೇ ಇರಲಿ, ನೀರು ಇಳಿದ ಹೊತ್ತು ನೋಡಿ ಹೋಗಿ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಭಾನುವಾರ ಸರಿಯಾಗಿದ್ದ ಸಮಯ ಈ ಭಾನುವಾರ ಸರಿಹೋಗುವುದಿಲ್ಲ. ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಬೆಳಿಗ್ಗೆ ಆರೂವರೆಗೆ ಶುರುಮಾಡಿ ಎಂಟೂವರೆಗೆ ಮುಗಿಸುವುದು ಒಳ್ಳೆಯದು, ಅಷ್ಟರಲ್ಲಿ ಬಿಸಿಲು ಏರಿರುತ್ತದೆ.

ಇಬ್ಬಿಬ್ಬರ ಜೋಡಿ ಮಾಡಿ: ಒಬ್ಬರು ಹೆಕ್ಕುವುದು, ಇನ್ನೊಬ್ಬರು ಚೀಲ ಹಿಡಿಯುವುದು. ಸರ್ಜರಿಯ ತೆಳು ಕೈಗವಸು ಹತ್ತು ನಿಮಿಷಕ್ಕೆ ಹರಿಯುತ್ತದೆ, ದಪ್ಪ ರಬ್ಬರಿನದ್ದು ಬೇಕು. ಸಿರಿಂಜ್, ಸೂಜಿ ಸಿಕ್ಕರೆ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಚೀಲಕ್ಕೆ ಬೇಡ. ಬಾಟ್ಲಿ ಚೂರಿಗೆ ಬೇರೆ ಬಕೆಟು.

ಹೆಚ್ಚು ತೊಂದರೆ ಕೊಡುವುದು ಬಲೆಯ ತುಂಡು. ಮೇಲೆ ಎರಡು ಮೊಳ ಕಾಣುತ್ತದೆ, ಉಳಿದದ್ದು ಹೊಯಿಗೆಯೊಳಗೆ (ಮರಳಿನೊಳಗೆ) ಹೂತಿರುತ್ತದೆ. ನಾಲ್ಕು ಜನ ಹಿಡಿದು ಎಳೆದರೆ ಬಲೆ ಬರುವುದಿಲ್ಲ, ಸೊಂಟ ಹಿಡಿಯುತ್ತದೆ. ಸುತ್ತ ಹೊಯಿಗೆ ಬಿಡಿಸಿ, ಕತ್ತಿಯಿಂದ ಒಂದೊಂದು ಗಜ ಕತ್ತರಿಸಿ ತೆಗೆಯಿರಿ. ಮುಂಗಾರು ಶುರುವಾಗುವ ಹೊತ್ತಿಗೆ ಡಾಂಬರಿನ ಉಂಡೆಗಳೂ ದಡಕ್ಕೆ ಬರುತ್ತವೆ. ಕಾಲಿಗೆ ಮೆತ್ತಿಕೊಂಡರೆ ನೀರು, ಸಾಬೂನಿಗೆ ಹೋಗದು. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ.

ಕಸ ಹೆಕ್ಕಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಹಿಂದಿನ ವಾರವೇ ನಿರ್ಧಾರವಾಗಿರಬೇಕು. ನಗರಸಭೆಯ ವಾಹನ ಅಥವಾ ಪಂಚಾಯತ್‌ನ ಎಸ್‌ಎಲ್‌ಆರ್‌ಎಂ ಕಸ ಬೇರ್ಪಡಿಸುವ ಘಟಕಕ್ಕೆ ಹೇಳಿಡಿ. ಹೊಯಿಗೆ, ನೀರು ತುಂಬಿದ ಚೀಲವನ್ನು ಅಲ್ಲಿ ಬೇರ್ಪಡಿಸಲು ಆಗುವುದಿಲ್ಲ, ಕೊಡವಿ, ಒಣಗಿಸಿ ಕೊಡಿ. ಚೀಲಗಳನ್ನು ದಡದಲ್ಲಿ ಸಾಲಾಗಿಟ್ಟು ಫೋಟೋ ತೆಗೆದು ಹೋದರೆ ರಾತ್ರಿ ನಾಯಿ ಎಳೆದು ಎಲ್ಲ ಮತ್ತೆ ಸಮುದ್ರಕ್ಕೆ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುವ ದಡಗಳಲ್ಲಿ ಜೆಸಿಬಿ, ಹಲ್ಲಿನ ಸಲಕರಣೆ ಬಳಸಲೇಬೇಡಿ. ಮಳೆಗಾಲದಲ್ಲಿ ನೀರಿನ ಅಂಚಿಗೆ ಯಾರನ್ನೂ ಬಿಡಬೇಡಿ.

ತೋಡಿಗೆ ಕಟ್ಟ ಕಟ್ಟಲು ಎಷ್ಟು ಜನ, ಎಷ್ಟು ಚೀಲ ಬೇಕು?

ಮಳೆ ನಿಂತ ಮೇಲೆ ತೊರೆಯ ನೀರು ನಿಲ್ಲಿಸಲು ಹಾಕುವ ತಾತ್ಕಾಲಿಕ ಅಡ್ಡಗಟ್ಟೆಯೇ ಕಟ್ಟ. ಅದನ್ನು ಕಟ್ಟುವುದು ನಮಗೆ ಬಹಳ ಪ್ರೀತಿಯ ಕೆಲಸ. ಒಂದು ಬೆಳಗಿನ ದುಡಿಮೆಗೆ ಸುತ್ತಲಿನ ಬಾವಿ, ಅಡಿಕೆ ತೋಟ, ಸುಗ್ಗಿ ಗದ್ದೆಗೆ ತಿಂಗಳುಗಟ್ಟಲೆ ನೀರು ಸಿಗುತ್ತದೆ.

20 ಅಡಿ ಅಗಲದ ತೋಡಿಗೆ 4 ಅಡಿ ಎತ್ತರದ ಕಟ್ಟ ಎಂದಿಟ್ಟುಕೊಳ್ಳಿ. ಸಿಮೆಂಟಿನ ಖಾಲಿ ಚೀಲಕ್ಕೆ ಮೂರನೇ ಎರಡು ಭಾಗ ಹೊಯಿಗೆ ತುಂಬಿ ಬಾಯಿ ಕಟ್ಟಿದರೆ, ಮಲಗಿಸಿದಾಗ ಒಂದೂಕಾಲು ಅಡಿ ಅಗಲ, ಅರ್ಧ ಅಡಿ ದಪ್ಪ ಬರುತ್ತದೆ. ನೀರು ಹರಿಯುವ ದಿಕ್ಕಿಗೆ ಉದ್ದವಾಗಿ ಇಡುತ್ತಾ ಹೋದರೆ ಒಂದು ವರಸೆಗೆ 16 ಚೀಲ, ಎಂಟು ವರಸೆಗೆ 128. ಎದುರುಬದುರು ಎರಡು ಗೋಡೆಗೆ 256. ಬುಡದ ಅಗಲಕ್ಕೆ, ಎರಡು ಬದಿಯ ದಂಡೆಗೆ ಸೇರಿಸಿ 320 ಚೀಲ ತಯಾರಿರಲಿ. ಗೋಡೆಗಳ ನಡುವೆ ಒಂದೂವರೆ ಅಡಿ ಜಾಗ ಬಿಟ್ಟು ಜಿಗುಟು ಮಣ್ಣು ತುಂಬಿ ತುಳಿಯಬೇಕು: 120 ಘನ ಅಡಿ, ಅಂದರೆ ಒಂದೂಕಾಲು ಯೂನಿಟ್. ಇಪ್ಪತ್ತೈದು ಜನ ಇದ್ದರೆ ಬೆಳಿಗ್ಗೆ ಏಳಕ್ಕೆ ಇಳಿದವರು ಮಧ್ಯಾಹ್ನದ ಗಂಜಿ ಊಟಕ್ಕೆ ಮುಗಿಸಬಹುದು. ಚೀಲವನ್ನು ಬಾಯಿವರೆಗೆ ತುಂಬಬೇಡಿ, ಉರುಟಾಗಿ ನಿಂತು ಒಂದರ ಮೇಲೊಂದು ಕೂರುವುದಿಲ್ಲ. ಇಟ್ಟಿಗೆ ಗೋಡೆಯಂತೆ ಕೆಳವರಸೆಯ ಸಂದಿನ ಮೇಲೆ ಮೇಲಿನ ಚೀಲ ಬರಬೇಕು.

ಕೆಡುವುದು ಮೂರು ಜಾಗದಲ್ಲಿ. ಬುಡದ ತರಗೆಲೆ, ಕೆಸರು ತೆಗೆಯದೆ ಚೀಲ ಇಟ್ಟರೆ ನೀರು ಅಡಿಯಿಂದ ದಾರಿ ಮಾಡುತ್ತದೆ. ಗಟ್ಟಿ ನೆಲ ಸಿಗುವವರೆಗೆ ಹಾರೆಯಿಂದ ತೆಗೆಯಿರಿ. ಚೀಲವನ್ನು ದಂಡೆಯೊಳಗೆ ಎರಡಡಿ ಸೇರಿಸದಿದ್ದರೆ ಬದಿ ಕೊರೆದು ಹೋಗುತ್ತದೆ. ನಡುವೆ ನೀರು ಉಕ್ಕಿ ಹರಿಯಲು ತಗ್ಗು ಬಿಡದಿದ್ದರೆ ಇಡೀ ಕಟ್ಟದ ಮೇಲೆ ಹರಿದು ಮಣ್ಣು ತೊಳೆಯುತ್ತದೆ.

ಸಮಯ: ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಅಕ್ಟೋಬರಿನಲ್ಲಿ ಕಟ್ಟಿದರೆ ಹಿಂಗಾರಿನ ಒಂದೇ ಗುಡುಗು ಮಳೆಗೆ ಕೊಚ್ಚಿಹೋಗುತ್ತದೆ, ಜನವರಿಗೆ ಹೋದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಕೆಳಗಿನ ಗದ್ದೆಯವರ ಒಪ್ಪಿಗೆ, ಪಂಚಾಯತ್‌ಗೆ ಪತ್ರ ಎರಡೂ ಬೇಕು. ಮೇ ಮೂರನೇ ವಾರ ಚೀಲ ಬಿಚ್ಚಿ ತೆಗೆಯುವ ದಿನವನ್ನೂ, ತೆಗೆಯುವವರ ಹೆಸರನ್ನೂ ಕಟ್ಟುವ ದಿನವೇ ಬರೆದಿಡಿ. ಬಿಸಿಲಿಗೆ ಲಡ್ಡಾದ ಪ್ಲಾಸ್ಟಿಕ್ ಚೀಲ ಮೊದಲ ಮಳೆಗೆ ನೂಲು ನೂಲಾಗಿ ಕಡಲು ಸೇರುತ್ತದೆ, ಕಟ್ಟ ಹಾಗೇ ಉಳಿದರೆ ನೆರೆ ನೀರು ಗದ್ದೆಗೆ ನುಗ್ಗುತ್ತದೆ.

ನೆರೆ ಬಂದಾಗ ಸ್ವಯಂಸೇವಕರು ಏನು ಮಾಡಬಹುದು?

ನೀರಿಗೆ ಇಳಿಯುವ ಕೆಲಸ ತರಬೇತಿ ಪಡೆದವರದ್ದು. 1077 ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ, 112 ತುರ್ತು ಸೇವೆ. ಕಲ್ಸಂಕ, ಬೈಲಕೆರೆಯಂಥ ತಗ್ಗು ಜಾಗಗಳಲ್ಲಿ ನಮ್ಮ ಕೆಲಸ ನೀರು ಇಳಿದ ಮೇಲೆ ಶುರು. ಹಳೆ ಬಟ್ಟೆ ತರಬೇಡಿ, ರಾಶಿ ಬಿದ್ದು ಕೊಳೆಯುತ್ತದೆ. ಚಾಪೆ, ಹೊದಿಕೆ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಬಕೆಟು, ಹಿಡಿಸೂಡಿ ತನ್ನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾವಿ. ನಮ್ಮಲ್ಲಿ ಮನೆಮನೆಗೂ ಬಾವಿ, ನೆರೆ ನೀರು ಒಳಹೊಕ್ಕರೆ ಕುಡಿಯುವ ನೀರೇ ಹೋಯಿತು. ಆರೋಗ್ಯ ಸಹಾಯಕರು ಅಥವಾ ಆಶಾ ಕಾರ್ಯಕರ್ತೆಯರ ಜತೆ ಸೇರಿ ಮಾಡಿ. ಮೊದಲು ಕಲಕು ನೀರನ್ನು ಪಂಪಿನಿಂದ ಹೊರಹಾಕಿ, ಹೊಸ ನೀರು ಬರಲು ಬಿಡಿ. ನೀರಿನ ಅಳತೆ ಹೀಗೆ: ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್. 1.8 ಮೀಟರ್ ಅಡ್ಡಗಲ, 4 ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 10,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಈ ಬಾವಿಗೆ 25 ಗ್ರಾಂ. ಇದು ಕನಿಷ್ಠ ಪ್ರಮಾಣ. ಕೊಳೆ ಹೆಚ್ಚಿದ್ದರೆ ಎಷ್ಟು ಬೇಕೆಂದು ಆರೋಗ್ಯ ಇಲಾಖೆಯವರು ಪರೀಕ್ಷಿಸಿ ಹೇಳುತ್ತಾರೆ.

ಪುಡಿಯನ್ನು ಸೀದಾ ಬಾವಿಗೆ ಎರಚಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗೆ ಇಳಿಸಿ ನಾಲ್ಕಾರು ಬಾರಿ ಮೇಲೆ ಕೆಳಗೆ ಎಳೆದಾಡಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ಪುಡಿ ಸತ್ವ ಕಳೆದುಕೊಂಡಿದೆ ಅಥವಾ ನೀರಿನಲ್ಲಿ ಕೊಳೆ ಹೆಚ್ಚಿದೆ ಎಂದು ಅರ್ಥ. ನಮ್ಮ ಮಳೆಗಾಲದ ತೇವಕ್ಕೆ ಬಾಯಿ ತೆರೆದಿಟ್ಟ ಪುಡಿ ಬೇಗ ಸತ್ವ ಬಿಡುತ್ತದೆ. ಸಣ್ಣ ಪೊಟ್ಟಣಗಳನ್ನೇ ತಂದು ಅಂದಂದೇ ಖಾಲಿ ಮಾಡಿ.

ಕಣ್ಣಿನ ಶಿಬಿರದಲ್ಲಿ ಗಮನಿಸಬೇಕಾದದ್ದು?

ತಪಾಸಣೆ ಸುಲಭ, ಕಷ್ಟ ಅದರ ನಂತರ. ಪೊರೆ ಇದೆ ಎಂದು ಗೊತ್ತಾದ ಅಜ್ಜ ಅಜ್ಜಿಯರಲ್ಲಿ ಹಲವರು ಶಸ್ತ್ರಚಿಕಿತ್ಸೆಯ ದಿನ ಬಿಪಿ, ಸಕ್ಕರೆ ಏರಿದ ಕಾರಣಕ್ಕೆ ವಾಪಸಾಗುತ್ತಾರೆ. ತಪಾಸಣೆಯ ದಿನವೇ ಎರಡನ್ನೂ ನೋಡಿ, ಔಷಧ ಶುರುಮಾಡಿಸಿ, ಆಮೇಲೆ ತಾರೀಕು ಕೊಡಿಸಿ. ಜತೆಗೆ ಹೋಗುವವರು ಯಾರು ಎಂದು ಬರೆದುಕೊಳ್ಳಿ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಹನಿ ಔಷಧ ಹಾಕಬೇಕು. ಒಬ್ಬರೇ ಇರುವ ಅಜ್ಜಿಗೆ ಅದನ್ನು ಹಾಕುವವರು ಪಕ್ಕದ ಮನೆಯಲ್ಲಾದರೂ ಇದ್ದಾರೆಯೇ ಎಂದು ಮೊದಲು ಕೇಳಿ.

ಕನ್ನಡಕ ಕೊಡುವಾಗ ಡಬ್ಬಿಯ ಮೇಲೆ ಹೆಸರು ಮಾತ್ರ ಬರೆದರೆ ಸಾಲದು. ಒಂದೇ ಊರಿನಲ್ಲಿ ಮೂವರು ಗಿರಿಜಾ ಇರುತ್ತಾರೆ. ಹೆಸರು, ಮನೆ ಹೆಸರು, ನೋಂದಣಿ ಸಂಖ್ಯೆ ಮೂರೂ ಇರಲಿ. ಹಾಕಿಸಿ, ಪತ್ರಿಕೆ ಓದಿಸಿ ನೋಡಿದ ಮೇಲೆ ಸಹಿ ಪಡೆಯಿರಿ.

ನಮ್ಮ ಶಾಲೆಗೆ ನೀರಿನ ಫಿಲ್ಟರ್ ಕೊಡುತ್ತೀರಾ?

ಎರಡು ವರ್ಷದ ಕಾರ್ಟ್ರಿಡ್ಜ್ ಖರ್ಚು ಸೇರಿಸಿ ಅಂದಾಜು ಮಾಡಿದರೆ ಮಾತ್ರ. ಕರಾವಳಿಯ ಹಲವು ಬಾವಿಗಳಲ್ಲಿ ಕಬ್ಬಿಣದ ಅಂಶವಿದೆ, ನೀರು ಕೆಂಪಾಗುತ್ತದೆ, ಕಾರ್ಟ್ರಿಡ್ಜ್ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲು ನೀರಿನ ಪರೀಕ್ಷೆ, ಆಮೇಲೆ ಯಂತ್ರ. ಕೊಟ್ಟವರ ಹೆಸರು ದೊಡ್ಡದಾಗಿ ಬರೆದ, ನೀರು ಬಾರದ ಫಿಲ್ಟರ್ ಮಕ್ಕಳಿಗೆ ಬೇಡ.

ಮನವಿ ಹೇಗೆ ಕೊಡಬೇಕು?

ಒಂದು ಪುಟ ಸಾಕು: ಏನು ಬೇಕು, ಎಷ್ಟು ಜನರಿಗೆ, ಪಂಚಾಯತ್ ಅಥವಾ ಇಲಾಖೆಯಿಂದ ಏನು ಬಂದಿದೆ, ನೀವು ಏನು ಮಾಡುತ್ತೀರಿ, ಆಮೇಲೆ ನೋಡಿಕೊಳ್ಳುವವರು ಯಾರು. ಶಾಲೆಯಾದರೆ ಮುಖ್ಯೋಪಾಧ್ಯಾಯರ ಜತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಸಹಿ ಇರಲಿ. ಜುಲೈ, ಆಗಸ್ಟ್‌ನಲ್ಲಿ ಕೊಟ್ಟರೆ ವರ್ಷದ ಯೋಜನೆಯಲ್ಲಿ ಸೇರುತ್ತದೆ. ಮೇ ತಿಂಗಳಲ್ಲಿ ಕೊಟ್ಟದ್ದನ್ನು ಮುಂದಿನ ಅಧ್ಯಕ್ಷರಿಗೆ ದಾಟಿಸುತ್ತೇವೆ. ದಾಟಿಸಿದ್ದು ನಡಾವಳಿಯಲ್ಲಿ ಇದೆಯೇ ಎಂದು ನೀವೂ ಕೇಳಿ.

ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ?

ಆಡಳಿತಕ್ಕೆ ಒಂದು ಖಾತೆ, ಸೇವೆಗೆ ಇನ್ನೊಂದು. ಊಟ, ಬ್ಯಾನರು, ಪದಗ್ರಹಣದ ಖರ್ಚು ಸೇವೆಯ ಖಾತೆಯಿಂದ ಹೋಗಕೂಡದು. ಚೆಕ್ಕಿಗೆ ಇಬ್ಬರ ಸಹಿ. ಆದಾಯ ತೆರಿಗೆ ವಿನಾಯಿತಿಗೆ 80ಜಿ ರಸೀದಿ ಬೇಕಾದವರು ಕೊಡುವ ಮುನ್ನವೇ ಹೇಳಿ. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕ್ ಮೂಲಕವೇ ಕಳುಹಿಸಿ.

ರೋಟರಿ ಪ್ರತಿಷ್ಠಾನಕ್ಕೆ ಹೋಗುವ ಹಣದಲ್ಲಿ ಒಂದು ಭಾಗ ಪೋಲಿಯೊ ನಿರ್ಮೂಲನೆಗೆ, 1985ರಿಂದ ನಡೆಯುತ್ತಿರುವ ಕೆಲಸ. ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯದ್ದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಬಸ್ ನಿಲ್ದಾಣದ ಬೂತ್‌ಗಳಿಗೆ ಇಂದಿಗೂ ಸ್ವಯಂಸೇವಕರು ಬೇಕು.

ನೆರವು ಪಡೆದವರ ಫೋಟೋ ಹಾಕುತ್ತೀರಾ?

ಕೆಲಸದ ಫೋಟೋ ಹಾಕುತ್ತೇವೆ, ಕೈಯೊಡ್ಡಿ ನಿಂತವರದ್ದು ಹಾಕುವುದಿಲ್ಲ. ಮಕ್ಕಳ ಮುಖ ಕಾಣುವ ಫೋಟೋಗೆ ಹೆತ್ತವರ ಒಪ್ಪಿಗೆ ಬೇಕು. ಬ್ಯಾಗ್ ಹಿಡಿದ ಮಗುವಿನ ಎರಡೂ ಬದಿಗೆ ಹತ್ತು ಜನ ನಿಲ್ಲುವ ಪದ್ಧತಿಯನ್ನು ಎಲ್ಲ ಕ್ಲಬ್ಬುಗಳೂ ಬಿಡಬೇಕು.

ಜೋರು ಮಳೆ, ಪರ್ಯಾಯ, ವಿಟ್ಲಪಿಂಡಿ ದಿನ ಸಭೆ ಇರುತ್ತದೆಯೇ?

ಕೃಷ್ಣಮಠದ ಪರ್ಯಾಯ, ವಿಟ್ಲಪಿಂಡಿ ಉತ್ಸವಗಳಿಗೆ ರಸ್ತೆಯಲ್ಲಿ ವಾಹನ ಹೋಗಲು ಆಗುವುದಿಲ್ಲ, ಆ ವಾರ ಸಭೆಯನ್ನು ಬೇರೆ ದಿನಕ್ಕೆ ಹಾಕುತ್ತೇವೆ. ಜಿಲ್ಲಾಧಿಕಾರಿ ರೆಡ್ ಅಲರ್ಟ್ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಟ್ಟರೆ ಸಭೆ ಆನ್‌ಲೈನ್. ಸಂಜೆ ನಾಲ್ಕರೊಳಗೆ ಕಾರ್ಯದರ್ಶಿಯ ಸಂದೇಶ ಬರುತ್ತದೆ, ಅತಿಥಿಗೂ ಅಡುಗೆಯವರಿಗೂ ಫೋನ್ ಹೋಗುತ್ತದೆ. ಸಂದೇಶ ಬಾರದಿದ್ದರೆ ಸಭೆ ಇದೆ ಎಂದೇ ತಿಳಿದು ಬನ್ನಿ.